ಜೋಡಿ ರೆಕ್ಕೆ ವಿಮಾನ ತೆಗೆದುಕೊಳ್ಳಬೇಕು: ಪಿಟ್ಸಾ, ಅಲ್ಟಿಮೇಟಾ? ಎಂಜಿನ್ ಯಾವುದು?

ಮಣಿಪಾಲದ ಟೇಲ್‌ವೀಲ್ (ಭಾನುವಾರ, ರಾತ್ರಿ 9.20)

ಎಲ್ಲರಿಗೂ ನಮಸ್ಕಾರ. ಮಳೆ ಬಿಡುವುದರ ಒಳಗೆ ಒಂದು ತೀರ್ಮಾನಕ್ಕೆ ಬರಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಆರ್‌ಸಿ ವಿಮಾನ (ರಿಮೋಟಿನಲ್ಲಿ ಹಾರಿಸುವ ಮಾಡೆಲ್) ಹಾರಿಸಲು ಶುರು ಮಾಡಿ ಐದು ವರ್ಷ ಆಯಿತು. ಮೊದಲು ರೆಕ್ಕೆ ಮೇಲಿರುವ ಹೈ ವಿಂಗ್ ಟ್ರೇನರ್, ಆಮೇಲೆ 46 ಸೈಜಿನ ಎಂಜಿನ್ ಹಾಕುವ, ರೆಕ್ಕೆ ಕೆಳಗಿರುವ ಲೋ ವಿಂಗ್. ಲೂಪ್, ರೋಲ್, ಸ್ಟಾಲ್ ಟರ್ನ್, ತಲೆಕೆಳಗಾಗಿ ಒಂದು ಸುತ್ತು, ಇಷ್ಟು ಬರುತ್ತದೆ. ಏರೋ ಇಂಡಿಯಾದಲ್ಲಿ ಬೈಪ್ಲೇನಿನ ರೆಕ್ಕೆ ಮೇಲೆ ನಿಂತು ಹಾರಿದವರನ್ನು ನೋಡಿದ ದಿನದಿಂದ ಜೋಡಿ ರೆಕ್ಕೆಯ ಆಸೆ ಹೋಗಿಲ್ಲ.

ಬೆಂಗಳೂರಿನ ಹಿರಿಯರೊಬ್ಬರು ಕಣ್ಣು ಮಂದ ಆಯಿತು ಅಂತ ತಮ್ಮ ಸಂಗ್ರಹ ಮಾರುತ್ತಿದ್ದಾರೆ. ಎರಡು ಎಆರ್‌ಎಫ್ (ಬಹುತೇಕ ಸಿದ್ಧವಾಗಿ ಬರುವ, ಜೋಡಿಸುವುದಷ್ಟೇ ಬಾಕಿ ಇರುವ ವಿಮಾನ) ಪೆಟ್ಟಿಗೆ ಉಂಟು, ಎರಡನ್ನೂ ಬಿಚ್ಚಿಲ್ಲ. ಒಂದು ಪಿಟ್ಸ್ ಎಸ್-2ಬಿ. ರೆಕ್ಕೆ 1.2 ಮೀಟರ್, ಹಾರುವ ತೂಕ ಸುಮಾರು 3.4 ಕೆಜಿ. ಇನ್ನೊಂದು ಅಲ್ಟಿಮೇಟ್. ರೆಕ್ಕೆ 1.4 ಮೀಟರ್, ತೂಕ 4.5 ಕೆಜಿ ಹತ್ತಿರ. ನನ್ನ ಕಪಾಟಿನಲ್ಲಿ ಓಎಸ್ 91 ಫೋರ್ ಸ್ಟ್ರೋಕ್ ಇದೆ. ಅವರ ಹತ್ತಿರ ಡಿಎಲ್‌ಇ 20 ಪೆಟ್ರೋಲ್ ಎಂಜಿನ್ ಕೂಡ ಇದೆ, ಬೇಕಾದರೆ ಕೊಡುತ್ತಾರೆ.

ನೋಡಲಿಕ್ಕೆ ಪಿಟ್ಸ್ ಚಂದ. ಪೆಟ್ಟಿಗೆಯ ಫೋಟೋ ದಿನಾ ನೋಡುತ್ತೇನೆ. ಆದರೆ ದುಡ್ಡು ಇರುವುದು ಒಂದಕ್ಕೆ ಮಾತ್ರ. ನೀವಾದರೆ ಯಾವುದು ತೆಗೆದುಕೊಳ್ಳುತ್ತೀರಿ?

ಬೆಟ್ಟುಗದ್ದೆ (ಭಾನುವಾರ, ರಾತ್ರಿ 10.05)

ತಮ್ಮಾ, ವಿಮಾನ ಆಮೇಲೆ. ಹಾರಿಸುವುದು ಎಲ್ಲಿ, ಅದು ಮೊದಲು ಹೇಳು. ಟ್ರೇನರ್ ಎಲ್ಲಿ ಬೇಕಾದರೂ ಇಳಿಯುತ್ತದೆ. ಬೈಪ್ಲೇನ್ ಹಾಗಲ್ಲ. ನಮ್ಮ ಕಡೆ ಗದ್ದೆ ಮೂರು ತರ ಅಲ್ವಾ. ತಗ್ಗಿನ ಬೈಲು ಗದ್ದೆಯಲ್ಲಿ ಏಣೆಲು (ಮಳೆಗಾಲದ್ದು), ಸುಗ್ಗಿ (ಚಳಿಗಾಲದ್ದು), ಕೆಲವು ಕಡೆ ಕೊಳಕೆ (ಬೇಸಿಗೆಯದ್ದು) ಅಂತ ಮೂರು ಬೆಳೆ, ಅದು ಸಿಗುವುದೇ ಬೇಸಿಗೆಯ ಕೊನೆಗೆ. ನಡು ಎತ್ತರದ ಮಜಲಿನಲ್ಲಿ ಎರಡು ಬೆಳೆ. ಎತ್ತರದ ಬೆಟ್ಟು ಗದ್ದೆಗೆ ಒಂದೇ ಬೆಳೆ. ಕೊಯ್ಲಾದ ಮೇಲೆ ನವೆಂಬರಿನಿಂದ ಖಾಲಿ, ನೆಲವೂ ಬೇಗ ಗಟ್ಟಿಯಾಗುತ್ತದೆ. ಇನ್ನು ಪದವು, ಅಂದರೆ ಗುಡ್ಡದ ಮೇಲಿನ ಬಯಲು. ಅಲ್ಲಿ ವಿಶಾಲ ಜಾಗ, ಆದರೆ ಮುರಕಲ್ಲಿನ (ಕೆಂಪು ಕಲ್ಲಿನ) ಹರಳು ಪ್ರಾಪಿನ (ಪ್ರೊಪೆಲ್ಲರಿನ) ಅಂಚನ್ನು ತಿಂದು ಹಾಕುತ್ತದೆ.

ಮಣಿಪಾಲದ ಟೇಲ್‌ವೀಲ್ (ಭಾನುವಾರ, ರಾತ್ರಿ 10.30)

ಅಣ್ಣ, ಕಾರ್ಕಳದ ಕಡೆ ಮಾವನ ಬೆಟ್ಟು ಗದ್ದೆ ಇದೆ. ಎರಡು ಗದ್ದೆ ನಡುವಿನ ಬದು ತೆಗೆದು ಸುಮಾರು 70 ಮೀಟರ್ ಉದ್ದಕ್ಕೆ ಸಮ ಮಾಡಿದ್ದೇವೆ. ಪಡುವಣ ತುದಿಯಲ್ಲಿ ತೆಂಗಿನ ಸಾಲು. ಕೂಳೆಯನ್ನು ಕತ್ತಿಯಲ್ಲಿ ಸವರಿ ತೆಗೆಯುತ್ತೇವೆ. ಆದರೂ ಬೆರಳುದ್ದ ಉಳಿಯುತ್ತದೆ.

ಕಾಪುವಿನ ಪಿಟ್ಸ್ (ಭಾನುವಾರ, ರಾತ್ರಿ 11.40)

ನನ್ನ ಹತ್ತಿರ ಪಿಟ್ಸ್ ಇತ್ತು. ಇತ್ತು ಅಂತಲೇ ಹೇಳಬೇಕು. ಇದನ್ನು ಬರೆಯಲೇಬೇಕು ಅನ್ನಿಸಿ ಎದ್ದು ಕೂತಿದ್ದೇನೆ.

ಅಸಲಿ ಪಿಟ್ಸ್ ಮೊದಲು ಹಾರಿದ್ದು 1944ರಲ್ಲಿ, ಅಮೆರಿಕದ ಕರ್ಟಿಸ್ ಪಿಟ್ಸ್ ಮಾಡಿದ್ದು. ಚಿಕ್ಕದು, ಗಿಡ್ಡ, ಹಗುರ. ಗಾಳಿಯಲ್ಲಿ ಥಟ್ಟನೆ ತಿರುಗಲಿ ಅಂತಲೇ ಹಾಗೆ ಮಾಡಿದ್ದು. ಬಾಲ ಗಿಡ್ಡ ಇರುವುದರಿಂದಲೇ ಆಕಾಶದಲ್ಲಿ ಅಷ್ಟು ಚುರುಕು. ಅದೇ ಗಿಡ್ಡ ಬಾಲ ನೆಲದ ಮೇಲೆ ಮಾತು ಕೇಳುವುದಿಲ್ಲ. ಚಕ್ರಗಳ ನಡುವಿನ ಅಂತರವೂ ಕಡಿಮೆ. ಟೇಕಾಫ್ ಓಟದಲ್ಲಿ ಕಾಲು ಸೆಕೆಂಡ್ ತಡವಾಗಿ ರಡರ್ (ಬಾಲದ ಚುಕ್ಕಾಣಿ) ಕೊಟ್ಟರೆ ಮೂತಿ ಹಿಂದಕ್ಕೆ ತಿರುಗಿರುತ್ತದೆ. ಮಾಡೆಲ್‌ನಲ್ಲೂ ಅದೇ ಗುಣ.

ನನ್ನದು ಹೋದದ್ದು ಇಳಿಯುವಾಗ. ಐದನೇ ಹಾರಾಟ. ಫೈನಲ್‌ನಲ್ಲಿ (ಇಳಿಯುವ ಕೊನೆಯ ನೇರ ದಾರಿಯಲ್ಲಿ) ಥ್ರಾಟಲ್ ಪೂರ್ತಿ ಇಳಿಸಿದೆ, ಲೋ ವಿಂಗ್‌ನಲ್ಲಿ ಹಾಗೇ ಅಭ್ಯಾಸ. ಲೋ ವಿಂಗ್ ಜಾರಿಕೊಂಡು ಬರುತ್ತದೆ. ಇದು ಜಾರಲಿಲ್ಲ, ಕುಸಿಯಿತು. ಎರಡು ರೆಕ್ಕೆ, ಕಂಬಗಳು, ತಂತಿ, ದೊಡ್ಡ ಕೌಲ್ (ಎಂಜಿನ್ನಿನ ಮುಚ್ಚಳ), ಎಲ್ಲಾ ಗಾಳಿಗೆ ಬ್ರೇಕ್ ಇದ್ದ ಹಾಗೆ. ಎಡ ರೆಕ್ಕೆ ತಗ್ಗಿತು. ನಾನು ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನ ಹಲಗೆ) ಬಲಕ್ಕೆ ಎಳೆದೆ. ಅಷ್ಟು ನಿಧಾನದಲ್ಲಿ ಹಾಗೆ ಎಳೆಯಬಾರದು, ತಗ್ಗಿದ ರೆಕ್ಕೆ ಇನ್ನೂ ಬೇಗ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಅದೇ ಆಯಿತು. ಬದುವಿಗೆ ಬಡಿಯಿತು.

ಲ್ಯಾಂಡಿಂಗ್ ಗೇರ್ ಪ್ಲೈವುಡ್ ಸಮೇತ ಕಿತ್ತು ಬಂದಿತ್ತು. ಮನೆಗೆ ತಂದು ಟಾರ್ಚ್ ಹಿಡಿದು ಒಳಗೆ ನೋಡಿದೆ. ಪ್ಲೈ ಮೇಲೆ ಅಂಟಿನ ಹೊಳಪು ಇತ್ತು ಅಷ್ಟೇ. ಬಾಲ್ಸಾ ಎಂಬ ಹಗುರ ಮರದ ಒಂದು ನಾರೂ ಅದಕ್ಕೆ ಹಿಡಿದಿರಲಿಲ್ಲ. ಅಂದರೆ ಫ್ಯಾಕ್ಟರಿಯಲ್ಲಿ ಅಂಟು ಒಣಗಿದ ಮೇಲೆ ಜೋಡಿಸಿದ್ದಾರೆ. ನೀವು ಯಾವ ಪೆಟ್ಟಿಗೆ ತಂದರೂ ಮೊದಲು ಗೇರ್ ಪ್ಲೇಟ್, ಫೈರ್‌ವಾಲ್ (ಎಂಜಿನ್ ಕೂರುವ ಹಲಗೆ), ಮೇಲಿನ ರೆಕ್ಕೆ ಹೊರುವ ಕ್ಯಾಬೇನ್ ಕಂಬ ಕೂರುವ ಬ್ಲಾಕ್, ಈ ಮೂರು ಕಡೆ 30 ನಿಮಿಷದ ಎಪಾಕ್ಸಿ ಅಂಟು ಇನ್ನೊಂದು ಸಲ ಹಚ್ಚಿ. ಮೂಲೆಗೆ ತ್ರಿಕೋನದ ಬಾಲ್ಸಾ ಕಡ್ಡಿ ಕೊಡಿ. ಇದನ್ನು ನಾಳೆಗೆ ಅಂತ ಇಡಬೇಡಿ.

ಪಿಟ್ಸ್ ಬೇಡ ಅಂತ ನಾನು ಹೇಳುವುದಿಲ್ಲ. ಅದು ಸ್ನ್ಯಾಪ್ ರೋಲ್ ಮಾಡುವಾಗ ಸಿಗುವ ಖುಷಿ ಬೇರೆ ಯಾವುದರಲ್ಲೂ ಸಿಗಲಿಲ್ಲ. ಆದರೆ ಮೊದಲ ಜೋಡಿ ರೆಕ್ಕೆಗೆ, 70 ಮೀಟರ್ ಗದ್ದೆಗೆ, ನಾನಾದರೆ ಅಲ್ಟಿಮೇಟ್ ತೆಗೆದುಕೊಳ್ಳುತ್ತೇನೆ.

ಬೆಟ್ಟುಗದ್ದೆ (ಸೋಮವಾರ, ಬೆಳಿಗ್ಗೆ 6.15)

ಕಾಪುವಿನವರ ಮಾತು ಸರಿ. ಅಲ್ಟಿಮೇಟ್ 1980ರ ದಶಕದ ಕೆನಡಾದ ವಿಮಾನ. ಅದೂ ಸ್ಪರ್ಧೆಗೆ ಅಂತಲೇ ಮಾಡಿದ್ದು. ಎರಡು ರೆಕ್ಕೆಯೂ ನೇರ, ನಾಲ್ಕು ಏಲೆರಾನ್. ನಾನು ನೋಡಿದ ಮಾಡೆಲ್‌ಗಳಲ್ಲೆಲ್ಲಾ ಅದರ ಬಾಲ ಪಿಟ್ಸಿಗಿಂತ ಒಂದಿಷ್ಟು ಉದ್ದ. ಆ ಒಂದಿಷ್ಟೇ ಇಳಿಯುವಾಗ ನಮ್ಮನ್ನು ಕಾಯುತ್ತದೆ. ದೊಡ್ಡ ವಿಮಾನ ಕಣ್ಣಿಗೂ ಚೆನ್ನಾಗಿ ಕಾಣುತ್ತದೆ. 4.5 ಕೆಜಿ ಅಂತ ಹೆದರಬೇಡ. ಎರಡು ರೆಕ್ಕೆಯ ವಿಸ್ತೀರ್ಣ ಜಾಸ್ತಿ, ಭಾರ ಹಂಚಿಕೊಳ್ಳುತ್ತದೆ.

ಫೋರ್ ಸ್ಟ್ರೋಕ್ ಕಿನ್ನಿಗೋಳಿ (ಸೋಮವಾರ, ಬೆಳಿಗ್ಗೆ 8.40)

ನಾನು ಪಿಟ್ಸ್ ಪರ. ಕೈಯಲ್ಲಿ 91 ಫೋರ್ ಸ್ಟ್ರೋಕ್ ಇರುವಾಗ ಇನ್ನೊಂದು ಎಂಜಿನ್ ಯಾಕೆ ಮಾರಾಯ್ರೆ? ಅದು 15 ಸಿಸಿ. 3.4 ಕೆಜಿ ಪಿಟ್ಸಿಗೆ ಹೇಳಿ ಮಾಡಿಸಿದ ಹಾಗೆ. ದೊಡ್ಡ ಪ್ರಾಪನ್ನು ನಿಧಾನವಾಗಿ ತಿರುಗಿಸುತ್ತದೆ, ಜೋಡಿ ರೆಕ್ಕೆಗೆ ಬೇಕಾದ್ದೂ ಅದೇ. ಮತ್ತೆ ಆ ಸ್ವರ! ಲೂಪಿನ ತುದಿಯಲ್ಲಿ ಥ್ರಾಟಲ್ ಇಳಿಸಿದಾಗ ಬರುವ ಗುಡುಗುಡು ಕೇಳಿದರೆ ಅಸಲಿ ವಿಮಾನವೇ ಬಂದ ಹಾಗೆ. ಟೂ ಸ್ಟ್ರೋಕಿನ ಕೀರಲು ಸದ್ದಿಗೆ ಊರಿನವರು ಬೈಯುತ್ತಾರೆ. ನನ್ನ ಫೋರ್ ಸ್ಟ್ರೋಕಿಗೆ ಇವತ್ತಿನವರೆಗೆ ಯಾರೂ ಬೈದಿಲ್ಲ.

ಆದರೆ ಅದೇ 91ನ್ನು ಅಲ್ಟಿಮೇಟಿಗೆ ಹಾಕಬೇಡಿ. ಹಾರುತ್ತದೆ, ಲೂಪ್ ಕೂಡ ಮಾಡುತ್ತದೆ. ನೇರ ಮೇಲಕ್ಕೆ ಎಳೆದರೆ ಅರ್ಧದಲ್ಲಿ ನಿಲ್ಲುತ್ತದೆ. ನೇರ ಹತ್ತಬೇಕಾದರೆ ಪ್ರಾಪಿನ ಎಳೆತ ವಿಮಾನದ ತೂಕಕ್ಕಿಂತ ಜಾಸ್ತಿ ಇರಬೇಕು.

ಸುರತ್ಕಲ್ ಲಿಪೋ (ಸೋಮವಾರ, ಮಧ್ಯಾಹ್ನ 1.10)

ಎಲೆಕ್ಟ್ರಿಕ್ ಯೋಚಿಸಿದ್ದೀರಾ ಸರ್? 6ಎಸ್ 5000 (ಆರು ಸೆಲ್, 5000 ಎಂಎಎಚ್) ಬ್ಯಾಟರಿ, ಆರೇಳು ನಿಮಿಷ ಹಾರಾಟ. ಎಣ್ಣೆಯ ಜಿಡ್ಡು ಇಲ್ಲ, ಸದ್ದು ಇಲ್ಲ. ಕಷ್ಟ ಏನಂದರೆ ಬೆಳಗ್ಗೆಗೆ ನಾಲ್ಕು ಹಾರಾಟ ಬೇಕಾದರೆ ನಾಲ್ಕು ಬ್ಯಾಟರಿ ಬೇಕು. ನಮ್ಮ ಬಿಸಿಲಲ್ಲಿ ಅವನ್ನು ಕಾರಿನೊಳಗೆ ಇಡುವ ಹಾಗೇ ಇಲ್ಲ.

ಮಲ್ಪೆ ಎಂಜಿನ್ (ಸೋಮವಾರ, ರಾತ್ರಿ 9.50)

ನಾನು ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವನು. ಉಪ್ಪು ಗಾಳಿ ಕಬ್ಬಿಣಕ್ಕೆ ಏನು ಮಾಡುತ್ತದೆ ಅಂತ ದಿನಾ ನೋಡುತ್ತೇನೆ. ಹಾಗಾಗಿ ಎಂಜಿನ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಿಮ್ಮ 91ರಂಥ ಗ್ಲೋ ಎಂಜಿನ್ನಿಗೆ ಬೇಕಾದ್ದು ಮೆಥನಾಲ್, ಎಣ್ಣೆ, ಸಿಕ್ಕಿದರೆ ನೈಟ್ರೋ. ಮೆಥನಾಲ್ ವಿಷ, ಅಂಗಡಿಯಲ್ಲಿ ಸುಮ್ನೆ ಕೊಡುವುದಿಲ್ಲ. ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದು ಗಾಳಿಯ ನೀರನ್ನು ಹೀರುತ್ತದೆ. ನಮ್ಮ ಊರಿನ ಗಾಳಿಯಲ್ಲಿ ನೀರಿಗೆ ಏನು ಕೊರತೆ? ಮುಚ್ಚಳ ಸರಿ ಹಾಕದ ಕ್ಯಾನ್ ಒಂದು ತಿಂಗಳು ಬಿಟ್ಟರೆ ಮುಗಿಯಿತು. ಎಂಜಿನ್ ಐಡಲ್‌ನಲ್ಲಿ ನಿಲ್ಲುವುದಿಲ್ಲ, ನೀವು ಇಂಧನ ಹೊಂದಿಸುವ ನೀಡಲ್ ತಿರುಗಿಸುತ್ತಾ ಕೂರುತ್ತೀರಿ.

ಒಳಗೆ ಇನ್ನೂ ಕಷ್ಟ. ಹಾರಾಟ ಮುಗಿದ ಮೇಲೆ ಉಳಿದ ಇಂಧನ ಸುಡದೆ, ಎಣ್ಣೆ ಬಿಡದೆ ಇಟ್ಟ ಎಂಜಿನ್ನಿನ ಹಿಂದಿನ ಬೇರಿಂಗ್ ಒಮ್ಮೆ ಬಿಚ್ಚಿ ನೋಡಿ. ಗುಂಡುಗಳ ಮೇಲೆ ಕಂದು ಚುಕ್ಕೆ ಇರುತ್ತದೆ. ಪ್ರಾಪ್ ಹಿಡಿದು ಮೆಲ್ಲಗೆ ತಿರುಗಿಸಿದರೆ ಮರಳು ಅರೆದ ಹಾಗೆ ಬೆರಳಿಗೆ ತಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಹಾರಿಸದೆ ಇಟ್ಟವರ ಎಂಜಿನ್‌ಗಳೇ ನನ್ನ ಹತ್ತಿರ ಜಾಸ್ತಿ ಬರುವುದು. ಟೇಲ್‌ವೀಲ್ ಅವರೇ, ನಿಮ್ಮ 91ರ ಪ್ರಾಪ್ ಈಗಲೇ ತಿರುಗಿಸಿ ನೋಡಿ.

ಪೆಟ್ರೋಲ್ ಎಂಜಿನ್ನಿಗೆ ಈ ತೊಂದರೆ ಕಡಿಮೆ. ಬಂಕಿನ ಪೆಟ್ರೋಲ್, 30ಕ್ಕೆ 1ರಂತೆ ಟೂ ಸ್ಟ್ರೋಕ್ ಎಣ್ಣೆ. ಒಂದು ಲೀಟರಿಗೆ 33 ಮಿಲಿ. ಮೆಥನಾಲಿನ ಹಾಗೆ ಕುಡಿಯುವುದೂ ಇಲ್ಲ. ಅದೇ ಟ್ಯಾಂಕಿನಲ್ಲಿ ಜಾಸ್ತಿ ಹೊತ್ತು ಹಾರುತ್ತದೆ. ಆದರೆ ಒಂದು ಎಚ್ಚರ. ಈಗ ಬರುವುದು ಇ20, ಅದರಲ್ಲಿ 20 ಶೇಕಡಾ ಎಥನಾಲ್. ಅದೂ ನೀರು ಎಳೆಯುತ್ತದೆ, ಕಾರ್ಬುರೇಟರಿನ ಒಳಗಿನ ತೆಳು ಡಯಾಫ್ರಾಮನ್ನು ಹಾಳು ಮಾಡುತ್ತದೆ. ಮನೆಗೆ ಹೊರಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಒಣಗುವ ತನಕ ಎಂಜಿನ್ ಓಡಿಸಿ ನಿಲ್ಲಿಸಿ. ಕಲಸಿದ ಪೆಟ್ರೋಲ್ ಎರಡು ವಾರಕ್ಕಿಂತ ಜಾಸ್ತಿ ಇಡಬೇಡಿ. ಡಯಾಫ್ರಾಮ್ ಕಿಟ್ ಒಂದು ಪೆಟ್ಟಿಗೆಯಲ್ಲಿ ಇರಲಿ.

ಎಆರ್‌ಎಫ್ ಜೊತೆ ಬರುವ ಟ್ಯಾಂಕಿನ ಪೈಪ್ ಸಾಮಾನ್ಯವಾಗಿ ಸಿಲಿಕೋನ್. ಅದು ಗ್ಲೋ ಇಂಧನಕ್ಕೆ ಸರಿ. ಪೆಟ್ರೋಲಿಗೆ ಉಬ್ಬಿ ಮೆತ್ತಗಾಗುತ್ತದೆ. ಪೆಟ್ರೋಲ್ ತಡೆಯುವ ಟೈಗಾನ್ ಪೈಪ್ ಹಾಕಿ. ಟ್ಯಾಂಕಿನ ರಬ್ಬರ್ ಬಿರಡೆಯೂ ಪೆಟ್ರೋಲಿನದ್ದೇ ಬೇಕು. ಒಳಗಿನ ಕ್ಲಂಕ್ (ಇಂಧನ ಹೀರುವ ಭಾರದ ತುದಿ) ಪೈಪ್ ಬದಲಿಸಲು ಮರೆಯುವವರು ಬಹಳ. ಆಕಾಶದಲ್ಲಿ ಎಂಜಿನ್ ನಿಂತಾಗ ನೆನಪಾಗುತ್ತದೆ.

ಮಣಿಪಾಲದ ಟೇಲ್‌ವೀಲ್ (ಸೋಮವಾರ, ರಾತ್ರಿ 10.25)

ಮಲ್ಪೆಯಣ್ಣ, ಈಗಷ್ಟೇ 91ರ ಪ್ರಾಪ್ ತಿರುಗಿಸಿದೆ. ನೀವು ಹೇಳಿದ ಹಾಗೇ ಬೆರಳಿಗೆ ತಾಗುತ್ತಿದೆ. ಚೆನ್ನಾಗಿದೆ ಅಂದುಕೊಂಡಿದ್ದೆ, ಬೇಸರ ಆಯಿತು.

ಮಲ್ಪೆ ಎಂಜಿನ್ (ಸೋಮವಾರ, ರಾತ್ರಿ 10.40)

ಬೇಸರ ಬೇಡ. ಬೇರಿಂಗ್ ಎರಡೂ ಬದಲಿಸಿದರೆ ಹೊಸದಾಗುತ್ತದೆ. ತಂದು ಕೊಡಿ, ಮಾಡಿ ಕೊಡುತ್ತೇನೆ.

ಬೆಟ್ಟುಗದ್ದೆ (ಮಂಗಳವಾರ, ಬೆಳಿಗ್ಗೆ 6.30)

ಅಲ್ಟಿಮೇಟಿಗೆ 20 ಸಿಸಿ ಸರಿ ಅನ್ನಲಿಕ್ಕೆ ಇನ್ನೊಂದು ಕಾರಣ ಉಂಟು. ಈ ವಿಮಾನಗಳ ಮೂತಿ ಗಿಡ್ಡ. ಹಗುರ ಎಂಜಿನ್ ಹಾಕಿದರೆ ಬಾಲ ಭಾರ ಆಗಿ ಮೂತಿಗೆ ಸೀಸ ಕಟ್ಟಬೇಕಾಗುತ್ತದೆ. ಡಿಎಲ್‌ಇ 20 ಎಂಜಿನ್ ಒಂದೇ ಸುಮಾರು 650 ಗ್ರಾಂ. ಇಗ್ನಿಷನ್, ಸೈಲೆನ್ಸರ್, ಬ್ಯಾಟರಿ ಸೇರಿದರೆ ಇನ್ನೂ ಜಾಸ್ತಿ. ಸೀಸ ಹೊರುವ ಬದಲು ಅಷ್ಟೇ ತೂಕದ ಶಕ್ತಿ ಹೊರಲಿ ಅಲ್ವಾ.

ಕೌಲ್ ಬಗ್ಗೆಯೂ ಹೇಳುತ್ತೇನೆ. ಮುಂದೆ ದೊಡ್ಡ ಬಾಯಿ ನೋಡಿ ಗಾಳಿ ಸಾಕು ಅಂದುಕೊಳ್ಳುತ್ತೇವೆ. ಒಳಗೆ ಬಂದ ಗಾಳಿ ಹೊರಗೆ ಹೋಗಲು ದಾರಿ ಬೇಕು. ಹೊರದಾರಿ ಒಳದಾರಿಯ ಎರಡರಷ್ಟಾದರೂ ಇರಲಿ. ಬಾಲ್ಸಾ ಹಲಗೆಯಿಂದ ಒಂದು ತಡೆ ಕಟ್ಟಿ, ಬಂದ ಗಾಳಿಯೆಲ್ಲಾ ಸಿಲಿಂಡರಿನ ರೆಕ್ಕೆಗಳ ನಡುವೆಯೇ ನುಗ್ಗುವ ಹಾಗೆ ಮಾಡು. ನಾನು ಹೋದ ವರ್ಷ ಇದನ್ನು ಮಾಡದೆ ಏಪ್ರಿಲ್ ಬಿಸಿಲಲ್ಲಿ ಹಾರಿಸಿದೆ. ಎಂಟನೇ ನಿಮಿಷಕ್ಕೆ ಎಂಜಿನ್ ಬಿಸಿಯಾಗಿ ನಿಂತಿತು, ವಿಮಾನ ಅಡಿಕೆ ತೋಟಕ್ಕೆ ಹೋಯಿತು. ಎರಡು ಮರದ ನಡುವೆ ಮೇಲಿನ ರೆಕ್ಕೆ ಸಿಕ್ಕಿಕೊಂಡಿತ್ತು. ಕೊನೆ ಕೊಯ್ಯುವವರನ್ನು ಕರೆದು ಇಳಿಸಬೇಕಾಯಿತು.

ಪ್ರಾಪ್ 17x6 ಹಾಕು, ಅಂದರೆ 17 ಇಂಚು ಉದ್ದ, 6 ಇಂಚು ಪಿಚ್ (ಒಂದು ಸುತ್ತಿಗೆ ಮುಂದೆ ಹೋಗುವ ದೂರ). 16x8 ವೇಗದ ವಿಮಾನಕ್ಕೆ ಸರಿ. ನಮ್ಮದು ವೇಗಕ್ಕೆ ಅಲ್ಲ, ಎಳೆತಕ್ಕೆ. ಪಿಚ್ ಕಡಿಮೆ ಇದ್ದರೆ ಇಳಿಮುಖದಲ್ಲಿ ಬ್ರೇಕ್ ತರವೂ ಕೆಲಸ ಮಾಡುತ್ತದೆ. ಆದರೆ 17 ಇಂಚು ಅಂದರೆ ನಡುವಿನಿಂದ ತುದಿಗೆ ಸುಮಾರು 21.6 ಸೆಂ.ಮೀ. ಬಾಲ ಎತ್ತಿ ಹಿಡಿದು, ಕೂಳೆಗೆ ತಾಗುತ್ತದಾ ನೋಡು.

ಕಾನೂನು ಮರೆಯಬೇಡ. 2021ರ ಡ್ರೋನ್ ನಿಯಮದಲ್ಲಿ ನಮ್ಮ ಮಾಡೆಲ್‌ಗಳೂ ಬರುತ್ತವೆ. 25 ಕೆಜಿ ಒಳಗೆ, ಕಣ್ಣಿಗೆ ಕಾಣುವಷ್ಟು ದೂರ ಮಾತ್ರ. ಸರ್ಕಾರದ ಡ್ರೋನ್ ಮ್ಯಾಪಿನಲ್ಲಿ ಜಾಗ ಹಸಿರು ವಲಯವಾ (ಅನುಮತಿ ಬೇಡದ ಜಾಗವಾ) ಅಂತ ಪ್ರತೀ ಸಲ ನೋಡಬೇಕು. ಬಜ್ಪೆ ವಿಮಾನ ನಿಲ್ದಾಣದ ಬೇಲಿಯಿಂದ 8 ಕಿ.ಮೀ. ಒಳಗಿನವರು ಅನುಮತಿ ಇಲ್ಲದೆ ಯೋಚಿಸಲೇಬೇಡಿ. 8ರಿಂದ 12 ಕಿ.ಮೀ. ನಡುವೆ 200 ಅಡಿ, ಹಸಿರು ವಲಯದಲ್ಲಿ 400 ಅಡಿ, ಅದರ ಮೇಲೆ ಅನುಮತಿ ಬೇಕು. ದುಬೈಯಲ್ಲಿರುವ ಭಾವನ ಕೈಯಲ್ಲಿ ತರಿಸುತ್ತೇನೆ ಅಂತ ಕೆಲವರು ಕೇಳುತ್ತಾರೆ. 2022ರ ಫೆಬ್ರವರಿಯಿಂದ ಪೂರ್ತಿ ಡ್ರೋನ್ ಆಮದಿಗೆ ನಿಷೇಧ ಇದೆ, ಬಿಡಿ ಭಾಗಕ್ಕೆ ಇಲ್ಲ. ಹಾಗಾಗಿ ದೇಶದೊಳಗೆ ಬಿಚ್ಚದ ಪೆಟ್ಟಿಗೆ ಸಿಕ್ಕಿದ್ದು ನಿನ್ನ ಪುಣ್ಯ.

ಮಣಿಪಾಲದ ಟೇಲ್‌ವೀಲ್ (ಮೂರು ವಾರದ ನಂತರ, ಶನಿವಾರ)

ಅಲ್ಟಿಮೇಟ್ ಮತ್ತು ಡಿಎಲ್‌ಇ 20 ಮನೆಗೆ ಬಂತು. ಪಿಟ್ಸ್ ಬಿಟ್ಟು ಬರುವಾಗ ಮನಸ್ಸು ಭಾರ ಆಯಿತು, ಸುಳ್ಳು ಹೇಳುವುದಿಲ್ಲ. ಕೊಟ್ಟ ಹಿರಿಯರು ಪೆಟ್ಟಿಗೆ ಕಾರಿಗೆ ಇಡುವಾಗ ಮುಚ್ಚಳದ ಮೇಲೆ ಒಮ್ಮೆ ಕೈ ಸವರಿದರು. ಹಾರಿಸಿದ ದಿನ ವಿಡಿಯೋ ಕಳಿಸು ಅಂದರು.

ಕಾಪುವಿನವರು ಹೇಳಿದ ಮೂರು ಕಡೆಗೂ ಎಪಾಕ್ಸಿ ಹಚ್ಚಿದೆ. ಗೇರ್ ಪ್ಲೇಟಿನ ಎಡ ಮೂಲೆಯಲ್ಲಿ ಉಗುರು ಹೋಗುವಷ್ಟು ಸಂದು ಇತ್ತು. ಮಳೆಗೆ ಕವರಿಂಗ್ ಫಿಲ್ಮ್ ಅಲ್ಲಲ್ಲಿ ಸುಕ್ಕು ಬಿದ್ದಿತ್ತು, ಇಸ್ತ್ರಿಯಲ್ಲಿ ಮೆಲ್ಲಗೆ ಎಳೆದೆ.

ಈಗ ಪ್ರಶ್ನೆ: ಮೇಲಿನ ರೆಕ್ಕೆ ಕೂರಿಸಿದೆ. ಬಲಗಡೆ ಕಂಬದ ತೂತು ಬ್ರಾಕೆಟಿನ ತೂತಿಗೆ 2 ಮಿ.ಮೀ. ಸೇರುತ್ತಿಲ್ಲ. ಎಳೆದರೆ ಸೇರುತ್ತದೆ. ಎಳೆದು ಸ್ಕ್ರೂ ಹಾಕಲಾ?

ಬೆಟ್ಟುಗದ್ದೆ (ಶನಿವಾರ, ಸಂಜೆ)

ಬೇಡ, ಖಂಡಿತ ಬೇಡ! ಎಳೆದು ಕೂರಿಸಿದರೆ ರೆಕ್ಕೆಯೇ ತಿರುಚಿಕೊಳ್ಳುತ್ತದೆ. ಆಮೇಲೆ ಎಷ್ಟು ಟ್ರಿಮ್ (ರಿಮೋಟಿನ ಸಣ್ಣ ತಿದ್ದುಪಡಿ) ಕೊಟ್ಟರೂ ಒಂದು ವೇಗಕ್ಕೆ ಸರಿ, ಇನ್ನೊಂದಕ್ಕೆ ತಪ್ಪು. ಮೊದಲು ಕಂಬ ಇಲ್ಲದೆ ಇನ್ಸಿಡೆನ್ಸ್ ಮೀಟರ್ (ರೆಕ್ಕೆಯ ಕೋನ ಅಳೆಯುವ ಸಾಧನ) ಹಿಡಿದು ನಾಲ್ಕೂ ತುದಿ ಅಳೆ. ಎಡ ಬಲ ಒಂದೇ ಇರಬೇಕು, ಮೇಲೆ ಕೆಳಗೆ ಪುಸ್ತಕದಲ್ಲಿ ಹೇಳಿದ ಹಾಗೆ ಇರಬೇಕು. ಅದು ಸರಿ ಇದ್ದರೆ ಬ್ರಾಕೆಟಿನ ತೂತನ್ನು ಅರದಲ್ಲಿ ಉದ್ದ ಮಾಡು. ಕಂಬ ತಾನಾಗಿ ಬಂದು ಕೂರಬೇಕು.

ಸೆಂಟರ್ ಆಫ್ ಗ್ರಾವಿಟಿ (ತೂಕ ಸಮ ಆಗುವ ಜಾಗ) ಅಳೆಯುವಾಗ ಯಾವ ರೆಕ್ಕೆಯಿಂದ ಅಂತ ಎರಡು ಸಲ ಓದು. ಮೇಲಿನ ರೆಕ್ಕೆ ಮುಂದೆ ಇರುತ್ತದೆ. ಪುಸ್ತಕ ಮೇಲಿನದ್ದರ ಲೀಡಿಂಗ್ ಎಡ್ಜಿನಿಂದ (ಮುಂದಿನ ಅಂಚಿನಿಂದ) ಅಂತ ಹೇಳಿದ್ದರೆ ಕೆಳಗಿನದ್ದರಿಂದ ಅಳೆದವನ ವಿಮಾನ ಬಾಲ ಭಾರ ಆಗಿ ಮೊದಲ ಹಾರಾಟದಲ್ಲೇ ಹೋಗುತ್ತದೆ.

ಕಾಪುವಿನ ಪಿಟ್ಸ್ (ಶನಿವಾರ, ರಾತ್ರಿ)

ಚಕ್ರಗಳ ಮುಂಬದಿ ಒಂದು ಡಿಗ್ರಿ ಒಳಮುಖ ಇರಲಿ. ಓಟ ನೇರ ಬರುತ್ತದೆ. ವೀಲ್ ಪ್ಯಾಂಟ್ (ಚಕ್ರದ ಕವಚ) ಗದ್ದೆಗೆ ಹಾಕಬೇಡಿ, ಕೂಳೆ ಹರಿದು ಹಾಕುತ್ತದೆ. ಇಗ್ನಿಷನ್ ಮತ್ತು ರಿಸೀವರ್ ನಡುವೆ ಒಂದು ಅಡಿಯಾದರೂ ದೂರ ಬೇಕು. ಟ್ರಾನ್ಸ್‌ಮಿಟರಿನಿಂದಲೇ ಇಗ್ನಿಷನ್ ನಿಲ್ಲಿಸುವ ಕಿಲ್ ಸ್ವಿಚ್ ಹಾಕಿ. ಕೆಳಗಿನ ರೆಕ್ಕೆಯ ಅಡಿಗೆ ಕಪ್ಪು ಬಿಳಿ ಪಟ್ಟಿ ಅಂಟಿಸಿ. ಸಂಜೆ ಪಡುವಣದ ಬೆಳಕಿಗೆ ವಿಮಾನ ಬರೀ ಕರಿ ನೆರಳಾಗುತ್ತದೆ.

ಮಣಿಪಾಲದ ಟೇಲ್‌ವೀಲ್ (ನವೆಂಬರ್, ಭಾನುವಾರ, ಮಧ್ಯಾಹ್ನ 12.15)

ಹಾರಿತು!

ಬೆಳಿಗ್ಗೆ ಏಳಕ್ಕೆ ಗದ್ದೆಯಲ್ಲಿದ್ದೆವು. ಕಡಲ ಗಾಳಿ ಏಳುವ ಮೊದಲು ಮುಗಿಸಬೇಕಿತ್ತು. ಹುಲ್ಲಿನ ಮೇಲೆ ಇಬ್ಬನಿ, ಮೂಡಣದಿಂದ ತೆಳು ಗಾಳಿ. ಬೆಟ್ಟುಗದ್ದೆ ಅಣ್ಣ ಬಾಲ ಹಿಡಿದು ಕೂತರು. ಮಲ್ಪೆಯಣ್ಣ ಐಡಲ್‌ಗೆ ಕಿವಿ ಕೊಟ್ಟು ಲೋ ನೀಡಲನ್ನು ಒಂದು ಕೂದಲಿನಷ್ಟು ತಿರುಗಿಸಿದರು. ಸ್ವರ ನೆಟ್ಟಗಾಯಿತು.

ಥ್ರಾಟಲ್ ಮೆಲ್ಲಗೆ ಕೊಟ್ಟೆ. ಬಲ ರಡರ್ ಮೊದಲಿಂದಲೇ ಹಿಡಿದಿದ್ದೆ. 25 ಮೀಟರ್ ಓಡಿರಬಹುದು, ಎದ್ದೇಬಿಟ್ಟಿತು. ಎಲಿವೇಟರಿಗೆ (ಮೂತಿ ಏರಿಸಿ ಇಳಿಸುವ ಬಾಲದ ಹಲಗೆಗೆ) ಮೂರು ಕ್ಲಿಕ್ ಮೇಲೆ, ಏಲೆರಾನಿಗೆ ಎರಡು ಬಲಕ್ಕೆ, ಅಷ್ಟೇ ಟ್ರಿಮ್. ಎತ್ತರದಲ್ಲಿ ಒಮ್ಮೆ ಸ್ಟಾಲ್ ಮಾಡಿ ನೋಡಿದೆ, ನೇರ ಮೂತಿ ತಗ್ಗಿಸಿತು. ಒಂದು ಲೂಪ್, ಎರಡು ರೋಲ್. ಆಗ ಒಂದು ಗರುಡ ಬಂದು ಮೇಲೆ ಸುತ್ತಲು ಶುರು ಮಾಡಿತು. ಅದು ದೂರ ಹೋಗುವ ತನಕ ದೊಡ್ಡ ಸುತ್ತು ಹಾಕಿ ಕಾದೆ.

ಮೊದಲ ಸಲ ಇಳಿಯಲು ಬಂದಾಗ ಕೈ ತಾನಾಗಿ ಥ್ರಾಟಲ್ ಇಳಿಸಿತು. ವಿಮಾನ ಕುಸಿಯುವುದು ಕಣ್ಣಿಗೆ ಕಂಡಿತು. ಕಾಪುವಿನವರು ಪಕ್ಕದಲ್ಲೇ ಇದ್ದರು, "ಪವರ್, ಪವರ್" ಅಂದರು. ಎತ್ತಿ ಇನ್ನೊಂದು ಸುತ್ತು ಬಂದೆ. ಎರಡನೇ ಸಲ ಕಾಲು ಭಾಗ ಥ್ರಾಟಲ್ ಇಟ್ಟುಕೊಂಡೇ ತಂದೆ. ಚಕ್ರ ನೆಲಕ್ಕೆ ತಾಗಿದ ಮೇಲೆ ಇಳಿಸಿದೆ. ಬಾಲ ಕೂತ ಮೇಲೆ ಎಲಿವೇಟರ್ ಹಿಂದಕ್ಕೆ ಹಿಡಿದೆ. ಕೂಳೆಯ ಮೇಲೆ ಚರಚರ ಸದ್ದು ಮಾಡಿಕೊಂಡು ಬಂದು ನಿಂತಿತು.

ಟೇಲ್‌ವೀಲಿನ ಒಂದು ಸ್ಪ್ರಿಂಗ್ ಕಳಚಿದೆ, ಬೇರೆ ಏನೂ ಆಗಿಲ್ಲ. ವಿಡಿಯೋ ಬೆಂಗಳೂರಿಗೆ ಕಳಿಸಿದೆ. ಅವರು ಫೋನ್ ಮಾಡಿ ಎಂಜಿನ್ ಸ್ವರ ಇನ್ನೊಮ್ಮೆ ಕೇಳಿಸು ಅಂದರು. ಬರುವ ಭಾನುವಾರ ಎಂಜಿನ್ ಶುರು ಮಾಡುವಾಗ ಅವರಿಗೆ ಫೋನ್ ಹಚ್ಚುತ್ತೇನೆ.

ಮಲ್ಪೆ ಎಂಜಿನ್ (ಭಾನುವಾರ, ಮಧ್ಯಾಹ್ನ 12.40)

ಟ್ಯಾಂಕ್ ಖಾಲಿ ಮಾಡಿದ್ದೀರಾ?

ಮಣಿಪಾಲದ ಟೇಲ್‌ವೀಲ್ (ಭಾನುವಾರ, ಮಧ್ಯಾಹ್ನ 12.42)

ಮಾಡಿದೆ ಅಣ್ಣ. ಕಾರ್ಬುರೇಟರ್ ಒಣಗುವ ತನಕ ಓಡಿಸಿಯೇ ಹೊರಟೆ.